ಬೀದರ್‌ಗೆ ಬರುವವರಿಗೆ ಹಾರಲು ಆಗಲೇ ಬಂದಿರುತ್ತದೆ

ಪ್ರಶ್ನೆ: ನಮ್ಮ ಮನೆ ಬೀದರ್ ಊರಂಚಿನಲ್ಲಿದೆ. ಬೆಳಗಾದರೆ ಸಾಕು, ಏರ್‌ಫೋರ್ಸಿನ ವಿಮಾನಗಳು ಅಲ್ಲಲ್ಲೇ ಸುತ್ತಲು ಶುರು ಮಾಡುತ್ತವೆ. ಇಳಿದ ಹಾಗೆ ಮಾಡಿ ಮತ್ತೆ ಮೇಲೇರುತ್ತವೆ. ಇಷ್ಟು ಹೊತ್ತು ಇವರು ಏನು ಮಾಡುತ್ತಾರೆ? ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಇವನ್ನು ನೋಡಿ ನೋಡಿ ನಾನೂ ಪೈಲಟ್ ಆಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಬೀದರ್‌ನಲ್ಲೇ ಸೇರಿಸಬೇಕೆಂದರೆ ಅರ್ಜಿ ಎಲ್ಲಿ ಕೊಡಬೇಕು? ಹುಡುಗಿಯರನ್ನು ತೆಗೆದುಕೊಳ್ಳುತ್ತಾರಾ? ಗಣಿತ ಕಷ್ಟ ಅನ್ನುತ್ತಾಳೆ, ಪಿಯುಸಿಯಲ್ಲಿ ಬಿಟ್ಟರೆ ನಡೆಯುತ್ತದಾ?

ಉತ್ತರ: ಅಕ್ಕಾವ್ರೇ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಅದೊಂದೇ ಅವಸರದ್ದು. ಗಣಿತ ಬಿಡಿಸಬೇಡಿ. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಎರಡೂ ಇರಲೇಬೇಕು. ಪಿಸಿಎಂಬಿ ಆಗಲಿ, ಪಿಸಿಎಂಸಿ ಆಗಲಿ, ಅದು ನಿಮ್ಮಿಷ್ಟ. ಗಣಿತ ಇಲ್ಲದ ಕಾಂಬಿನೇಷನ್ ತೆಗೆದುಕೊಂಡರೆ ಎನ್‌ಡಿಎ, ಅಂದರೆ ಪುಣೆಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಮೂಲಕ ವಾಯುಪಡೆಗೆ ಹೋಗುವ ಬಾಗಿಲು ಆ ಅಡ್ಮಿಷನ್ ದಿನವೇ ಮುಚ್ಚಿತು ಅಂತ ತಿಳಿಯಿರಿ. ಉಳಿದದ್ದನ್ನೆಲ್ಲ ನಿಧಾನವಾಗಿ ಮಾತಾಡೋಣ.

ಈಗ ಆ ಸುತ್ತುವಿಕೆ. ಅದಕ್ಕೆ ಸರ್ಕ್ಯೂಟ್ ಅಂತ ಹೆಸರು. ವಿಮಾನ ರನ್‌ವೇ ಬಿಟ್ಟು ಏರುತ್ತದೆ, ಒಂದು ಬದಿಗೆ ತಿರುಗುತ್ತದೆ, ರನ್‌ವೇಗೆ ಸಮಾನಾಂತರವಾಗಿ ಬಂದ ದಿಕ್ಕಿಗೇ ವಾಪಸ್ ಹೋಗುತ್ತದೆ, ಆಮೇಲೆ ಮತ್ತೆ ತಿರುಗಿ ರನ್‌ವೇ ಕಡೆ ಮುಖ ಮಾಡುತ್ತದೆ. ಚಕ್ರ ನೆಲಕ್ಕೆ ತಾಗಿದ ಕೂಡಲೇ ಎಂಜಿನ್ ಜೋರು ಮಾಡಿ ಮತ್ತೆ ಮೇಲಕ್ಕೆ. ಇದನ್ನು ವಾಯುಪಡೆಯಲ್ಲಿ ಹಾರಾಟದ ಪಾಠ ಹೇಳುತ್ತಿದ್ದ ನಾವು ರೋಲರ್ ಅನ್ನುತ್ತಿದ್ದೆವು. ಚಕ್ರ ತಾಗಿಸದೆ ಹಾಗೇ ಎದ್ದು ಹೋದರೆ ಓವರ್‌ಶೂಟ್. ನಿಮಗೆ ಮನೆ ಅಂಗಳದಿಂದ ಅದು ಒಂದೇ ಆಟದ ಹಾಗೆ ಕಾಣುತ್ತದೆ. ಒಳಗೆ ಕೂತ ಹುಡುಗನಿಗೆ ಆ ಕೆಲವೇ ನಿಮಿಷದಲ್ಲಿ ಉಸಿರು ಬಿಡಲೂ ಪುರುಸೊತ್ತಿರುವುದಿಲ್ಲ. ವೇಗ ನೋಡಬೇಕು, ಎತ್ತರ ನೋಡಬೇಕು, ಚಕ್ರ ಇಳಿಸಬೇಕು, ಇಳಿದಿದೆಯಾ ಅಂತ ಖಾತ್ರಿ ಮಾಡಿಕೊಳ್ಳಬೇಕು, ರೆಕ್ಕೆಯ ಅಂಚಿನ ಫ್ಲ್ಯಾಪ್ ಇಳಿಸಬೇಕು, ಇಂಧನ ಎಷ್ಟಿದೆ ಅಂತ ನೋಡಬೇಕು, ರೇಡಿಯೋದಲ್ಲಿ ಟವರ್‌ಗೆ ಹೇಳಬೇಕು, ಮುಂದೆ ಹೋಗುತ್ತಿರುವ ಇನ್ನೊಂದು ವಿಮಾನ ಎಲ್ಲಿದೆ ಅಂತ ಹುಡುಕಬೇಕು, ಗಾಳಿ ಯಾವ ಕಡೆಯಿಂದ ತಳ್ಳುತ್ತಿದೆ ಅಂತ ಲೆಕ್ಕ ಹಾಕಬೇಕು. ಇದರಲ್ಲಿ ಒಂದು ಮರೆತರೆ ಉಳಿದದ್ದೆಲ್ಲ ಹಳಿ ತಪ್ಪುತ್ತದೆ.

ಇನ್ನೊಂದನ್ನೂ ನೀವು ಗಮನಿಸಿರಬಹುದು. ಕೆಲವು ಸಲ ವಿಮಾನ ಊರಿನ ಮೇಲೆ ಸ್ವಲ್ಪ ಎತ್ತರದಲ್ಲಿ ಬರುತ್ತದೆ, ಸದ್ದು ಇದ್ದಕ್ಕಿದ್ದಂತೆ ಸಣ್ಣದಾಗುತ್ತದೆ, ಆಮೇಲೆ ಅದು ಹದ್ದಿನ ಹಾಗೆ ಸುತ್ತು ಹಾಕಿಕೊಂಡು ಇಳಿಯುತ್ತದೆ. ಏನೋ ಕೆಟ್ಟಿತು ಅಂತ ಗಾಬರಿಯಾಗಬೇಡಿ. ಬೀದರ್‌ನಲ್ಲಿ ಹಾರುವ ಹಾಕ್ ವಿಮಾನಕ್ಕೆ ಒಂದೇ ಎಂಜಿನ್. ಅದು ಮೇಲೆ ನಿಂತುಹೋದರೆ ತೇಲಿಸಿಕೊಂಡು ರನ್‌ವೇವರೆಗೆ ತರುವುದು ಹೇಗೆ ಅನ್ನೋದರ ಅಭ್ಯಾಸ ಅದು. ಎಂಜಿನ್ ನಿಲ್ಲಿಸಿರುವುದಿಲ್ಲ, ಸುಮ್ನೆ ತಗ್ಗಿಸಿರುತ್ತಾರೆ. ಎಂಜಿನ್ ಇಲ್ಲದ ವಿಮಾನಕ್ಕೆ ಎರಡನೇ ಅವಕಾಶ ಇಲ್ಲ, ಓವರ್‌ಶೂಟ್ ಮಾಡಲು ಶಕ್ತಿ ಎಲ್ಲಿಂದ ಬರಬೇಕು? ಹಾಗಾಗಿ ಎತ್ತರವನ್ನು ಕಿಸೆಯಲ್ಲಿರುವ ದುಡ್ಡಿನ ಹಾಗೆ ಲೆಕ್ಕ ಇಟ್ಟು ಖರ್ಚು ಮಾಡುವುದನ್ನು ಕಲಿಸುತ್ತಾರೆ. ಮೊದಮೊದಲು ಎಲ್ಲರೂ ಬೇಗ ಖರ್ಚು ಮಾಡಿ ಕೈ ಖಾಲಿ ಮಾಡಿಕೊಳ್ಳುತ್ತಾರೆ.

ಬೆಳಗ್ಗೆಯೇ ಯಾಕೆ ಜಾಸ್ತಿ? ನಿಮ್ಮ ಬೇಸಿಗೆ ನಿಮಗೆ ಗೊತ್ತು. ಹನ್ನೊಂದು ಗಂಟೆ ದಾಟಿದರೆ ಕೆಂಪು ನೆಲ ಕಾದು ಗಾಳಿ ಕುದಿಯುತ್ತದೆ, ವಿಮಾನ ಎತ್ತಿನ ಗಾಡಿಯ ಹಾಗೆ ಕುಲುಕುತ್ತದೆ. ಕಾದ ಗಾಳಿ ತೆಳುವಾದ್ದರಿಂದ ರೆಕ್ಕೆಗೂ ಎಂಜಿನ್‌ಗೂ ಬಲ ಕಡಿಮೆ. ಅದಕ್ಕೇ ಕಲಿಯುವವರಿಗೆ ಬೆಳಗಿನ ತಂಪು ಹೊತ್ತು ಸಿಕ್ಕರೆ ಭಾಗ್ಯ.

ಆದರೆ ಬೀದರ್‌ನಲ್ಲಿ ಮುಖ್ಯವಾಗಿ ಕಲಿಸುವುದು ಸರ್ಕ್ಯೂಟ್ ಅಲ್ಲ. ಊರಿನ ಜನ ನೋಡುವುದು ಅದನ್ನೇ, ಅದಕ್ಕೆ ಇದೇ ತರಬೇತಿ ಅಂದುಕೊಳ್ಳುತ್ತಾರೆ. ಅಲ್ಲಿಗೆ ಬರುವ ಹುಡುಗ ಹುಡುಗಿಯರಿಗೆ ವಿಮಾನ ಹಾರಿಸಲು, ಇಳಿಸಲು, ಉಲ್ಟಾ ತಿರುಗಿಸಲು ಆಗಲೇ ಬರುತ್ತದೆ. ಎದೆ ಮೇಲೆ ವಿಂಗ್ಸ್, ಅಂದರೆ ಪೈಲಟ್ ಅನ್ನುವ ರೆಕ್ಕೆಯ ಬಿಲ್ಲೆ ಹಾಕಿಕೊಂಡು, ಫ್ಲೈಯಿಂಗ್ ಆಫೀಸರ್ ಅನ್ನುವ ಅಧಿಕಾರಿ ಆಗಿಯೇ ಬಂದಿರುತ್ತಾರೆ. ಬೀದರ್‌ನಲ್ಲಿ ಅವರಿಗೆ ಕಲಿಸುವುದು ಬೇರೆ. ವಿಮಾನ ಹಾರಿಸುವುದನ್ನು ಮರೆತು, ಅಂದರೆ ಕೈ ಅದರ ಪಾಡಿಗೆ ಹಾರಿಸುತ್ತಿರುವಾಗ, ತಲೆಯನ್ನು ಬೇರೆ ಕೆಲಸಕ್ಕೆ ಬಿಡುವುದು. ನೀವು ರೊಟ್ಟಿ ಬಡಿಯುತ್ತಾ ಮಗಳಿಗೆ ಮಗ್ಗಿ ಹೇಳಿಕೊಡುತ್ತೀರಿ ನೋಡಿ, ಹಾಗೆ. ಹೊಸದಾಗಿ ರೊಟ್ಟಿ ಬಡಿಯುವವರಿಗೆ ಮಗ್ಗಿ ಹೇಳಿ ಅಂದರೆ ರೊಟ್ಟಿ ಹರಿಯುತ್ತದೆ ಅಲ್ವಾ? ಫೈಟರ್ ಪೈಲಟ್‌ಗೆ ಹಾರಿಸುವುದು ರೊಟ್ಟಿ. ಯುದ್ಧ ಮಾಡುವುದು ಮಗ್ಗಿ.

ಈ ಮಾತು ನನಗೆ ಸರಿಯಾಗಿ ಅರ್ಥವಾದದ್ದು ನಾನೇ ಪಾಠ ಹೇಳಲು ಶುರು ಮಾಡಿದ ಮೇಲೆ. ನಾನು ಮೊದಲು ಕಲಿಸಿದ್ದು ಕಿರಣ್‌ನಲ್ಲಿ. ಅದು ನಮ್ಮ ಬೆಂಗಳೂರಿನ ಎಚ್‌ಎಎಲ್ ಮಾಡಿದ ಜೆಟ್, ಮೊದಲ ಸಲ ಹಾರಿದ್ದು 1964ರಲ್ಲಿ. ಅದರಲ್ಲಿ ಇನ್‌ಸ್ಟ್ರಕ್ಟರ್ ಮತ್ತು ಶಿಷ್ಯ ಅಕ್ಕಪಕ್ಕ ಕೂರುತ್ತಾರೆ, ಕಾರಿನ ಮುಂದಿನ ಸೀಟಿನಂತೆ. ಪಕ್ಕದಲ್ಲೇ ಇದ್ದಾಗ ಎಲ್ಲವೂ ಕಾಣುತ್ತದೆ. ಕೈ ನಡುಗುವುದು, ಕಣ್ಣು ಎದುರಿನ ಯಾವ ಮೀಟರಿನ ಮೇಲೆ ನಿಂತಿದೆ ಅನ್ನೋದು, ತುಟಿ ಒಣಗಿ ನಾಲಿಗೆ ಆಡಿಸುವುದು. ಬೆರಳು ತೋರಿಸಿದರೆ ಸಾಕು, ಮಾತೇ ಬೇಡ.

ಒಬ್ಬ ಹುಡುಗನ ಮೊದಲ ಸೋಲೊ, ಅಂದರೆ ಒಬ್ಬನೇ ಹಾರಿದ್ದು, ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೂರು ರೋಲರ್ ಚೆನ್ನಾಗಿ ಮಾಡಿದ. ನಾಲ್ಕನೆಯದಕ್ಕೆ ನಿಲ್ಲಿಸಲು ಹೇಳಿ ನಾನು ಇಳಿದೆ. ಇಳಿಯುವ ಮುಂಚೆ ಇನ್‌ಸ್ಟ್ರಕ್ಟರ್ ಮಾಡುವ ಒಂದು ಸಣ್ಣ ಕೆಲಸ ಇದೆ. ತನ್ನ ಖಾಲಿ ಸೀಟಿನ ಬೆಲ್ಟುಗಳನ್ನೆಲ್ಲ ಬಿಗಿಯಾಗಿ ಕಟ್ಟಿಡಬೇಕು, ಇಲ್ಲವಾದರೆ ಮೇಲೆ ಹೋದಾಗ ಅವು ಜೋತಾಡಿ ಕಂಟ್ರೋಲ್ ಸ್ಟಿಕ್‌ಗೆ ಸಿಕ್ಕಿಕೊಳ್ಳಬಹುದು. ನಾನು ಒಂದೊಂದೇ ಬಕಲ್ ಹಾಕುತ್ತಿದ್ದರೆ ಅವನು ಅದನ್ನೇ ನೋಡುತ್ತಿದ್ದ. ಪಕ್ಕದಲ್ಲಿ ಯಾರೂ ಇರುವುದಿಲ್ಲ ಅನ್ನೋದು ಅವನಿಗೆ ಆಗಲೇ ತಿಳಿದದ್ದು ಅಂತ ಕಾಣುತ್ತದೆ. ನಾನು ರನ್‌ವೇ ಪಕ್ಕ ನಿಂತೆ. ಅವನು ಏರಿದ, ಸುತ್ತಿದ, ಇಳಿದ. ಇಳಿದದ್ದು ನಾನು ಇಳಿಸಿದ್ದಕ್ಕಿಂತ ಮೆತ್ತಗಿತ್ತು. ಹತ್ತಿರ ಬಂದು ಹೆಲ್ಮೆಟ್ ತೆಗೆದಾಗ ಕೇಳಿದೆ, ಹೇಗಿತ್ತಪ್ಪಾ ಅಂತ. 'ಸರ್, ನೀವಿಲ್ಲದೆ ವಿಮಾನ ಬೇಗ ಮೇಲೆ ಹೋಯಿತು' ಅಂದ. ನನ್ನ ತೂಕದ ಬಗ್ಗೆ ಅಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ.

ಕೊನೆಯ ವರ್ಷಗಳಲ್ಲಿ ಹಾಕ್ ಬಂತು. ಅದರಲ್ಲಿ ಒಬ್ಬರ ಹಿಂದೆ ಒಬ್ಬರು. ಶಿಷ್ಯ ಮುಂದೆ, ಇನ್‌ಸ್ಟ್ರಕ್ಟರ್ ಹಿಂದೆ, ಸ್ವಲ್ಪ ಎತ್ತರದ ಸೀಟಿನಲ್ಲಿ. ಮೊದಲ ದಿನ ನನಗೆ ಕಣ್ಣು ಕಟ್ಟಿದ ಹಾಗಾಯಿತು. ಶಿಷ್ಯನ ಮುಖ ಇಲ್ಲ, ಕೈ ಇಲ್ಲ. ಕಾಣುವುದು ಹೆಲ್ಮೆಟ್‌ನ ಹಿಂಭಾಗ ಮಾತ್ರ. ಕೆಲವು ವಾರಗಳಲ್ಲಿ ಹೆಲ್ಮೆಟ್ ಓದುವುದು ಕಲಿತೆ. ಅದು ಅಲುಗಾಡುತ್ತಾ ಇದ್ದರೆ ಒಳ್ಳೆಯದು, ಹುಡುಗ ಹೊರಗೂ ನೋಡುತ್ತಿದ್ದಾನೆ, ಒಳಗೂ ನೋಡುತ್ತಿದ್ದಾನೆ. ಅದು ತಗ್ಗಿ ಹಾಗೇ ನಿಂತರೆ ಯಾವುದೋ ಒಂದರಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ. ಮತ್ತೆ ಉಸಿರು. ಮಾಸ್ಕ್‌ನೊಳಗಿನ ಮೈಕ್‌ನಿಂದ ಅವನ ಉಸಿರು ನಮ್ಮ ಕಿವಿಗೆ ಕೇಳುತ್ತಲೇ ಇರುತ್ತದೆ. ಉಸಿರು ಚಿಕ್ಕದಾಗಿ ಬೇಗ ಬೇಗ ಆದರೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಏನೋ ಮರೆಯುತ್ತಾನೆ ಅಂತ ನನಗೆ ಗೊತ್ತಾಗುತ್ತಿತ್ತು, ಅವನಿಗೆ ಗೊತ್ತಾಗುವ ಮೊದಲೇ. ಶಿಷ್ಯನ ಕಡೆಯಿಂದ ನೋಡಿದರೆ ಇನ್ನೂ ಸ್ವಾರಸ್ಯ. ಅವನ ಮುಂದೆ ಗಾಜು, ಆಕಾಶ, ಅಷ್ಟೇ. ಹಿಂದೆ ಒಂದು ದನಿ ಇದೆ, ಆದರೆ ಕಣ್ಣಿಗೆ ಯಾರೂ ಇಲ್ಲ. ಫೈಟರ್‌ನಲ್ಲಿ ಒಬ್ಬನೇ ಕೂರುವ ದಿನಕ್ಕೆ ಅದು ಅರ್ಧ ದಾರಿ.

ಈ ಅರ್ಧ ದಾರಿ ಇಲ್ಲದೆ ನಮ್ಮವರು ಎಷ್ಟೋ ವರ್ಷ ಕಷ್ಟಪಟ್ಟರು, ಅದನ್ನು ಹೇಳದೆ ಬೀದರ್ ಕಥೆ ಮುಗಿಯುವುದಿಲ್ಲ. ಬೀದರ್ 1960ರ ದಶಕದಿಂದಲೂ ತರಬೇತಿಯ ಜಾಗವೇ. ಮೊದಲು ಎಚ್‌ಎಎಲ್‌ನ ಪುಟ್ಟ ಎಚ್‌ಟಿ-2, ಆಮೇಲೆ ಕಿರಣ್. ಆಗೆಲ್ಲ ಹುಡುಗರು ಕಿರಣ್‌ನಂಥ ನಿಧಾನದ, ಸಾಧು ವಿಮಾನದಲ್ಲಿ ಕಲಿತು ಮಿಗ್-21 ಫೈಟರ್‌ಗೆ ಹೋಗಬೇಕಿತ್ತು. ಮಿಗ್-21 ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗುವ ಯಂತ್ರ. ಇಳಿಯಲೆಂದು ರನ್‌ವೇ ಕಡೆ ಬರುವಾಗಲೂ ಗಂಟೆಗೆ 300 ಕಿ.ಮೀ.ಗಿಂತ ಜಾಸ್ತಿ. ಸೈಕಲ್ ಕಲಿತವನನ್ನು ನೇರವಾಗಿ ಹೆದ್ದಾರಿಯಲ್ಲಿ ಬುಲೆಟ್ ಮೇಲೆ ಕೂರಿಸಿದಂತೆ. ನಡುವೆ ಒಂದು ಮೆಟ್ಟಿಲು ಬೇಕು, ಒಂದು ಅಡ್ವಾನ್ಸ್ಡ್ ಜೆಟ್ ಟ್ರೈನರ್ ಬೇಕು ಅಂತ ಏರ್ ಮಾರ್ಷಲ್ ಲಾ ಫಾಂಟೇನ್ ಸಮಿತಿ ಹೇಳಿದ್ದು 1982ರಲ್ಲಿ. ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರಲ್ಲಿ! ಲೆಕ್ಕ ಹಾಕಿ. ಸಮಿತಿ ವರದಿ ಕೊಟ್ಟ ವರ್ಷ ಹುಟ್ಟಿದ ಕೂಸು ಅಷ್ಟು ಹೊತ್ತಿಗೆ ತಾನೇ ಪೈಲಟ್ ತರಬೇತಿಯಲ್ಲಿರುವ ವಯಸ್ಸಿಗೆ ಬಂದಿತ್ತು. ಆ ವರ್ಷಗಳಲ್ಲಿ ಬಿದ್ದ ಮಿಗ್‌ಗಳ ಬಗ್ಗೆ ಪತ್ರಿಕೆಗಳು 'ಹಾರುವ ಶವಪೆಟ್ಟಿಗೆ' ಅಂತೆಲ್ಲ ಬರೆದವು. ನನಗೆ ಆ ಮಾತು ಕಂಡರಾಗದು. ತಪ್ಪೆಲ್ಲ ವಿಮಾನದ್ದಲ್ಲ. ಮೆಟ್ಟಿಲು ಕಟ್ಟದೆ ಅಟ್ಟ ಹತ್ತು ಅಂದವರದ್ದೂ ಪಾಲಿದೆ.

ಕೊನೆಗೂ ಬ್ರಿಟನ್ನಿನ ಬಿಎಇ ಸಿಸ್ಟಮ್ಸ್ ಕಂಪನಿಯ ಹಾಕ್ ಆಯ್ಕೆಯಾಯಿತು. ಮೊದಲ ಒಪ್ಪಂದದ 66 ವಿಮಾನಗಳಲ್ಲಿ 24 ಅಲ್ಲಿಂದ ತಯಾರಾಗಿ ಬಂದವು, 42 ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದವು. 2008ರ ಫೆಬ್ರವರಿ 23ರಂದು ಆಗಿನ ರಕ್ಷಣಾ ಸಚಿವ ಎ.ಕೆ. ಆಂಟನಿ ಬೀದರ್‌ಗೇ ಬಂದು ಅವನ್ನು ಸೇನೆಗೆ ಸೇರಿಸಿದರು. ಆಮೇಲೆ ಇನ್ನಷ್ಟು ತರಿಸಿದರು, ನೌಕಾಪಡೆಯವರೂ ತೆಗೆದುಕೊಂಡರು. ಮಿಗ್-21 ಕೂಡ 2025ರ ಸೆಪ್ಟೆಂಬರ್‌ನಲ್ಲಿ ಚಂಡೀಗಢದಲ್ಲಿ ಕೊನೆಯ ಸಲಾಂ ಹೊಡೆದು ನಿವೃತ್ತವಾಯಿತು. ಈಗ ಹಾಕ್ ಮುಗಿಸಿದವರು ಜಾಗ್ವಾರ್, ಸುಖೋಯ್, ತೇಜಸ್‌ಗಳ ಕಡೆ ಹೋಗುತ್ತಾರೆ.

ಹಾಗಾದರೆ ಹಾಕ್‌ನಲ್ಲಿ ನಿಜವಾಗಿ ಏನು ಮಾಡಿಸುತ್ತಾರೆ? ನಿಮ್ಮೂರಿನ ನಕ್ಷೆಯಲ್ಲೇ ಹೇಳುತ್ತೇನೆ. ತಗ್ಗಿನಲ್ಲಿ ಹಾರಿ ದಾರಿ ಹುಡುಕುವ ಪಾಠ ಇದೆ. ವೇಗ ಗಂಟೆಗೆ ಸುಮಾರು 780 ಕಿ.ಮೀ. ಅಂದುಕೊಳ್ಳಿ. ಅಂದರೆ ನಿಮಿಷಕ್ಕೆ 13 ಕಿ.ಮೀ. ಬಸ್ಸಿನಲ್ಲಿ ಹುಮನಾಬಾದ್ ತಲುಪಲು ನಿಮಗೆ ಎಷ್ಟು ಹೊತ್ತು ಬೇಕು? ಇಲ್ಲಿ ನಾಲ್ಕೇ ನಿಮಿಷ. ಕಾರಂಜಾ ಜಲಾಶಯದ ನೀರು ಎದುರಿಗೆ ಮಿನುಗಿದ್ದು ಕಂಡಿತು ಅನ್ನುವಷ್ಟರಲ್ಲಿ ಹಿಂದೆ ಹೋಗಿರುತ್ತದೆ. ಹಾಗಾಗಿ ನೋಡಿ ಆಮೇಲೆ ಯೋಚಿಸುವುದು ಇಲ್ಲಿ ನಡೆಯುವುದಿಲ್ಲ. ಇಷ್ಟನೇ ನಿಮಿಷ ಇಷ್ಟನೇ ಸೆಕೆಂಡಿಗೆ ಎಡಗಡೆ ನದಿ ತಿರುವು ಬರಬೇಕು ಅಂತ ಮೊದಲೇ ಮನಸ್ಸಿನಲ್ಲಿರಬೇಕು, ಬಂದರೆ ಸರಿ, ಬರದಿದ್ದರೆ ಎಲ್ಲಿ ತಪ್ಪಿದೆ ಅಂತ ಆ ವೇಗದಲ್ಲೇ ಲೆಕ್ಕ ಹಾಕಬೇಕು. ನೋಡಿ, ನಿಮ್ಮ ಮಗಳ ಗಣಿತ ಮತ್ತೆ ಬಂತು. ದೊಡ್ಡ ಗಣಿತವೇನಲ್ಲ. ಬಾಯಿಲೆಕ್ಕ. ಆದರೆ ಹೆದರದೆ ಮಾಡಬೇಕು.

ಇನ್ನು ಗುದ್ದಾಟದ ಪಾಠ. ಒಬ್ಬರ ಹಿಂದೆ ಒಬ್ಬರು ಬಿದ್ದು ತಿರುಗುವುದು. ವಿಮಾನವನ್ನು ಜೋರಾಗಿ ತಿರುಗಿಸಿದರೆ ಮೈ ಭಾರವಾಗುತ್ತದೆ. ಇದನ್ನು ಜಿ ಅನ್ನುತ್ತಾರೆ. 6 ಜಿ ಅಂದರೆ 60 ಕಿಲೋ ಇರುವವರಿಗೆ 360 ಕಿಲೋ ಆದ ಅನುಭವ. ಕೈ ಎತ್ತಲು ಆಗುವುದಿಲ್ಲ. ಕೆನ್ನೆ ಕೆಳಗೆ ಜೋಲುತ್ತದೆ. ರಕ್ತ ತಲೆಯಿಂದ ಕಾಲಿಗೆ ಇಳಿಯುತ್ತದೆ, ಮೊದಲು ಬಣ್ಣ ಮಾಸುತ್ತದೆ, ಆಮೇಲೆ ಸುತ್ತ ಕತ್ತಲೆ ಬಂದು ಕೊಳವೆಯೊಳಗಿಂದ ನೋಡಿದಂತೆ ಆಗುತ್ತದೆ, ಅದಕ್ಕೂ ಮುಂದೆ ಹೋದರೆ ಎಚ್ಚರ ತಪ್ಪುತ್ತದೆ. ಇದನ್ನು ತಡೆಯಲು ಕಾಲಿಗೆ, ಹೊಟ್ಟೆಗೆ ಗಾಳಿ ತುಂಬಿ ಒತ್ತುವ ಜಿ-ಸೂಟ್ ಇದೆ. ಆದರೆ ಸೂಟ್ ಒಂದನ್ನೇ ನಂಬಿದರೆ ಆಗದು, ಕಾಲು ಹೊಟ್ಟೆಯ ಸ್ನಾಯು ಬಿಗಿಹಿಡಿದು ಉಸಿರನ್ನು ತಡೆದು ತಡೆದು ಬಿಡುವ ಒಂದು ಪದ್ಧತಿ ಇದೆ, ಅದನ್ನು ನೆಲದ ಮೇಲೆ ಕುರ್ಚಿಯಲ್ಲಿ ಕೂತೇ ಅಭ್ಯಾಸ ಮಾಡಿಸುತ್ತಾರೆ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಗರಗರ ತಿರುಗಿಸುವ ದೊಡ್ಡ ಯಂತ್ರವೇ ಇದೆ, ಜಾತ್ರೆಯ ತೊಟ್ಟಿಲು ಅದರ ಮುಂದೆ ಮಕ್ಕಳಾಟ. ಈ ಒದ್ದಾಟದ ನಡುವೆಯೂ ಕುತ್ತಿಗೆ ತಿರುಗಿಸಿ ಹಿಂದಿರುವವನು ಎಲ್ಲಿದ್ದಾನೆ ಅಂತ ನೋಡುತ್ತಲೇ ಇರಬೇಕು. ನಾನು ಹೇಳಿದ ರೊಟ್ಟಿ, ಮಗ್ಗಿ ಇದೇ.

ಎಲ್ಲರಿಗೂ ಇದು ಒಗ್ಗುವುದಿಲ್ಲ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಸಾಮಾನು ಸಾಗಿಸುವ ದೊಡ್ಡ ವಿಮಾನ, ಹೆಲಿಕಾಪ್ಟರ್ ಹಾರಿಸುವವರು ಏನು ಕಡಿಮೆ ಪೈಲಟ್‌ಗಳಾ? ಸಿಯಾಚಿನ್‌ನಲ್ಲಿ ಹೆಲಿಕಾಪ್ಟರ್ ಇಳಿಸುವವರನ್ನು ಕಂಡರೆ ನಾನು ಎದ್ದು ನಿಲ್ಲುತ್ತೇನೆ. ಆದರೆ ನಮ್ಮ ಜನಕ್ಕೆ ಫೈಟರ್ ಅಂದರೇ ಪೈಲಟ್, ಅದೊಂದು ಹುಚ್ಚು.

ಈಗ ಅರ್ಜಿ ವಿಷಯ. ಬೀದರ್ ಗೇಟಿನಲ್ಲಿ ಹೋಗಿ ಕೇಳಿದರೆ ಕಾವಲಿನವರು ಮರ್ಯಾದೆಯಿಂದಲೇ ವಾಪಸ್ ಕಳಿಸುತ್ತಾರೆ. ಅಲ್ಲಿ ಯಾರನ್ನೂ ಭರ್ತಿ ಮಾಡಿಕೊಳ್ಳುವುದಿಲ್ಲ. ನಿಮ್ಮ ಮನೆ ರನ್‌ವೇಗೆ ಹತ್ತಿರ ಇರಬಹುದು, ಆದರೆ ನಿಮ್ಮ ಮಗಳು ಅಲ್ಲಿಗೆ ತಲುಪಬೇಕಾದರೆ ಪುಣೆ, ಹೈದರಾಬಾದ್ ಎಲ್ಲ ಸುತ್ತಿಕೊಂಡು ಬರಬೇಕು. ಅವಳಿಗೆ ಎರಡು ದೊಡ್ಡ ದಾರಿ ಇವೆ. ಒಂದು, ಪಿಯುಸಿ ಜೊತೆಗೆ ಎನ್‌ಡಿಎ ಪರೀಕ್ಷೆ. ಸುಮಾರು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸಿನೊಳಗೆ. ಗಣಿತಕ್ಕೆ 300 ಅಂಕ, ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ ಸೇರಿ 600. ಅದೇ ಕಾರಣಕ್ಕೆ ಗಣಿತ ಗಣಿತ ಅಂತ ಬಡಿದುಕೊಳ್ಳುತ್ತಿದ್ದೇನೆ. 2022ರಿಂದ ಅಲ್ಲಿ ಹುಡುಗಿಯರೂ ಕಲಿಯುತ್ತಿದ್ದಾರೆ. ಎರಡು, ಡಿಗ್ರಿ ಆದ ಮೇಲೆ ಆಫ್‌ಕ್ಯಾಟ್ ಅನ್ನುವ ವಾಯುಪಡೆಯದ್ದೇ ಪರೀಕ್ಷೆ. ಡಿಗ್ರಿ ಯಾವುದಾದರೂ ಇರಲಿ, ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಇಲ್ಲಿಯೂ ಕೇಳುತ್ತಾರೆ. ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗ್ ಇದ್ದರೆ ಸೇರಿಸಿ, ಅದರಿಂದ ಬೇರೆ ಒಂದು ದಾರಿಯೂ ತೆರೆಯುತ್ತದೆ.

ಬರವಣಿಗೆ ಪಾಸಾದರೆ ಐದು ದಿನದ ಆಯ್ಕೆ ಮಂಡಳಿ. ಅದರ ಒಂದು ಕೇಂದ್ರ ನಮ್ಮ ಮೈಸೂರಿನಲ್ಲೇ ಇದೆ. ಅಲ್ಲಿ ಪೈಲಟ್ ಆಗುವವರಿಗೆ ಮಾತ್ರ ಒಂದು ಪರೀಕ್ಷೆ ಇದೆ, ಕಂಪ್ಯೂಟರ್ ಮುಂದೆ ಕೂರಿಸಿ ಕೈ, ಕಾಲು, ಕಣ್ಣು ಒಟ್ಟಿಗೆ ಕೆಲಸ ಮಾಡುತ್ತವಾ ಅಂತ ನೋಡುವುದು. ಇದನ್ನು ಜೀವನದಲ್ಲಿ ಒಂದೇ ಸಲ ಬರೆಯಬಹುದು. ಫೇಲಾದರೆ ಪೈಲಟ್ ಆಸೆ ಅಲ್ಲಿಗೆ ಮುಗಿಯಿತು, ಬೇರೆ ದಾರಿಯಿಂದ ಬಂದರೂ ಕೂರಿಸುವುದಿಲ್ಲ. ಹಾಗಾಗಿ 'ಸುಮ್ನೆ ಒಂದ್ಸಲ ನೋಡಿಕೊಂಡು ಬರಲಿ' ಅಂತ ತಯಾರಿ ಇಲ್ಲದೆ ಕಳಿಸಬೇಡಿ. ನಿದ್ದೆಗೆಟ್ಟು ಹೋಗುವುದಂತೂ ಬೇಡವೇ ಬೇಡ.

ಮೆಡಿಕಲ್‌ನಲ್ಲಿ ಜನ ಬರೀ ಕಣ್ಣಿನ ಬಗ್ಗೆ ಹೆದರುತ್ತಾರೆ. ಕಣ್ಣು ಮುಖ್ಯ ಹೌದು, ಬಣ್ಣ ಸರಿಯಾಗಿ ಗುರುತಿಸಲು ಬರಬೇಕು. ಕನ್ನಡಕ ಇದ್ದರೆ ಲೇಸರ್ ಮಾಡಿಸುವ ಮೊದಲು ಆ ವರ್ಷದ ಅಧಿಸೂಚನೆ ಪೂರ್ತಿ ಓದಿ, ಅಂಗಡಿಯವರ ಮಾತು ಕೇಳಿ ಮಾಡಿಸಬೇಡಿ. ಆದರೆ ಟೇಪು ಹಿಡಿದು ಅಳೆಯುವುದು ಕಾಲನ್ನು ಕೂಡ! ಎತ್ತರ ಕನಿಷ್ಠ 162.5 ಸೆಂ.ಮೀ. ಇರಬೇಕು, ಜೊತೆಗೆ ಕಾಲಿನ ಉದ್ದ, ತೊಡೆಯ ಉದ್ದ, ಕೂತಾಗಿನ ಎತ್ತರ ಎಲ್ಲದಕ್ಕೂ ಮಿತಿ ಇದೆ. ತೊಡೆ 64 ಸೆಂ.ಮೀ.ಗಿಂತ ಉದ್ದ ಇರುವಂತಿಲ್ಲ. ಯಾಕೆ ಗೊತ್ತಾ? ತುರ್ತಿನಲ್ಲಿ ಸೀಟು ಸಮೇತ ಹೊರಗೆ ಹಾರಬೇಕಾದಾಗ ಮಂಡಿ ಎದುರಿನ ಉಪಕರಣಗಳ ಅಂಚಿಗೆ ಬಡಿಯಬಾರದು. ತುಂಬಾ ಎತ್ತರದ ಒಳ್ಳೊಳ್ಳೆಯ ಹುಡುಗರು ಈ ಟೇಪಿಗೆ ಸೋತು ಹೋದದ್ದನ್ನು ನೋಡಿದ್ದೇನೆ. ಇದನ್ನು ಮನೆಯಲ್ಲೇ ಒಂದು ಸಲ ಅಳೆದುಕೊಳ್ಳಿ, ಖರ್ಚಿಲ್ಲ.

ಎಲ್ಲ ದಾಟಿದರೆ ಹೈದರಾಬಾದ್ ಪಕ್ಕದ ದುಂಡಿಗಲ್ ಅಕಾಡೆಮಿ. ಮೊದಲ ಹಂತ ಪಿಲಾಟಸ್ ಪಿಸಿ-7 ವಿಮಾನದಲ್ಲಿ. ಅಲ್ಲಿಂದ ಮೂರು ದಾರಿ ಸೀಳುತ್ತವೆ. ಸಾಗಣೆ ವಿಮಾನದವರು ನಮ್ಮ ಯಲಹಂಕಕ್ಕೆ ಬಂದು ಡಾರ್ನಿಯರ್‌ನಲ್ಲಿ ಕಲಿಯುತ್ತಾರೆ. ಹೆಲಿಕಾಪ್ಟರ್‌ನವರು ಹಾಕಿಂಪೇಟೆಗೆ. ಫೈಟರ್‌ನವರದ್ದೂ ಹಾಕಿಂಪೇಟೆಯೇ, ಕಿರಣ್ ಮೇಲೆ. ಕಿರಣ್‌ಗೆ ಈಗ ಮುಪ್ಪು, ಅದು ಸರದಿಯಂತೆ ಹೊರಗೆ ಹೋಗುತ್ತಿದೆ. ಮೂಲ ತರಬೇತಿಗೆ ಎಚ್‌ಎಎಲ್‌ನ ಎಚ್‌ಟಿಟಿ-40 ಬರುತ್ತಿದೆ, 70 ವಿಮಾನಗಳಿಗೆ 2023ರಲ್ಲೇ ಒಪ್ಪಂದ ಆಗಿದೆ. ನಿಮ್ಮ ಮಗಳು ಅಲ್ಲಿಗೆ ತಲುಪುವ ಹೊತ್ತಿಗೆ ಅವಳು ಕೂರುವ ಮೊದಲ ವಿಮಾನ ಬೆಂಗಳೂರಿನದ್ದೇ ಆಗಿದ್ದರೆ ಆಶ್ಚರ್ಯವಿಲ್ಲ. ದುಂಡಿಗಲ್ ಪರೇಡ್‌ನಲ್ಲಿ ಅಧಿಕಾರಿ ಆದ ಮೇಲೆ ಫೈಟರ್‌ನವರು ಹಾಕ್‌ಗೆ, ಅಂದರೆ ನಿಮ್ಮೂರಿಗೆ. ಈ ತರಬೇತಿಗೆ ಫೀಸಿಲ್ಲ. ಅಕಾಡೆಮಿಯ ಕೊನೆಯ ವರ್ಷ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಕೊಡುತ್ತಾರೆ. ಯಾರಾದರೂ ಏಜೆಂಟ್ ಬಂದು ದುಡ್ಡು ಕೊಟ್ಟರೆ ಸೀಟು ಮಾಡಿಸುತ್ತೇನೆ ಅಂದರೆ ಬಾಗಿಲು ಹಾಕಿಕೊಳ್ಳಿ.

ಹುಡುಗಿಯರನ್ನು ತೆಗೆದುಕೊಳ್ಳುತ್ತಾರಾ ಅಂದಿರಿ. ಅದಕ್ಕೆ ಉತ್ತರ ನಿಮ್ಮ ಮನೆ ಮೇಲೇ ಹಾರಿ ಹೋಗಿದೆ, ನಿಮಗೆ ಗೊತ್ತಾಗಿಲ್ಲ ಅಷ್ಟೇ. ದೇಶದ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳು ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್. 2016ರ ಜೂನ್ 18ರಂದು ದುಂಡಿಗಲ್‌ನಲ್ಲಿ ಅಧಿಕಾರಿಗಳಾದರು, ಆಮೇಲೆ ಹಾಕ್ ಕಲಿಯಲು ಬಂದದ್ದು ಬೀದರ್‌ಗೇ. ಅವನಿ 2018ರಲ್ಲಿ ಜಾಮ್‌ನಗರದಲ್ಲಿ ಮಿಗ್-21ನ್ನು ಒಬ್ಬರೇ ಹಾರಿಸಿದರು. ಆಗ ಹುಡುಗಿಯರನ್ನು ಫೈಟರ್‌ಗೆ ತೆಗೆದುಕೊಳ್ಳುವುದು ಪ್ರಯೋಗ ಅಂತ ಇತ್ತು, 2022ರಲ್ಲಿ ಕಾಯಂ ಆಯಿತು. ಹಿಂದಿನ ಸೀಟಿನಿಂದ ನೋಡುವವನಿಗೆ ಹೆಲ್ಮೆಟ್ ಹೆಲ್ಮೆಟ್ಟೇ. ಅದು ಅಲುಗಾಡುತ್ತಿದೆಯಾ ಇಲ್ವಾ ಅನ್ನೋದಷ್ಟೇ ಮುಖ್ಯ.

ಆಗಾಗ ಒಂಬತ್ತು ಕೆಂಪು-ಬಿಳಿ ವಿಮಾನಗಳು ಅಂಟಿಕೊಂಡಂತೆ ಹಾರುವುದನ್ನೂ ಮಗಳು ನೋಡಿರುತ್ತಾಳೆ. ಅದು ಸೂರ್ಯಕಿರಣ್ ತಂಡ, 1996ರಲ್ಲಿ ಶುರುವಾದದ್ದು, ಬೀದರ್ ಅದರ ಮನೆ. ಮೊದಲು ಕಿರಣ್ ವಿಮಾನಗಳಿದ್ದವು, ಹೆಸರು ಬಂದದ್ದೂ ಅದರಿಂದಲೇ. 2011ರಲ್ಲಿ ತರಬೇತಿಗೆ ವಿಮಾನ ಸಾಲದೆ ತಂಡ ನಿಲ್ಲಿಸಿದರು, 2015ರಲ್ಲಿ ಹಾಕ್‌ನೊಂದಿಗೆ ಮತ್ತೆ ಎದ್ದಿತು. ರೆಕ್ಕೆಗಳ ನಡುವಿನ ಅಂತರ ಕೆಲವೊಮ್ಮೆ ಐದು ಮೀಟರಿಗೂ ಕಡಿಮೆ. ಅದರ ಬೆಲೆಯನ್ನೂ ತೆತ್ತಿದ್ದಾರೆ. 2019ರ ಫೆಬ್ರವರಿಯಲ್ಲಿ ಯಲಹಂಕದಲ್ಲಿ ಏರೋ ಇಂಡಿಯಾ ತಾಲೀಮಿನ ವೇಳೆ ಎರಡು ವಿಮಾನ ಡಿಕ್ಕಿಯಾಗಿ ಒಬ್ಬ ಪೈಲಟ್ ತೀರಿಕೊಂಡರು. ತಾಯಿಯಾಗಿ ನೀವು ಇದನ್ನೂ ತಿಳಿದಿರಬೇಕು ಅಂತ ಹೇಳಿದೆ, ಮುಚ್ಚಿಟ್ಟು ಪ್ರಯೋಜನ ಇಲ್ಲ.

ನಿಮ್ಮಿಂದ ಒಂದು ಉಪಕಾರ ಆಗಬೇಕು. ನಿಮ್ಮ ಓಣಿಯಲ್ಲಿ ಕೋಳಿ, ಕುರಿ ಕಸವನ್ನು ಬಯಲಿಗೆ ಎಸೆಯುವವರಿದ್ದರೆ ತಡೆಯಿರಿ. ವಿಮಾನ ನಿಲ್ದಾಣದ 10 ಕಿ.ಮೀ. ಒಳಗೆ ಹಾಗೆ ಎಸೆಯಬಾರದು ಅಂತ ಕಾನೂನೇ ಇದೆ. ಕಸ ಇದ್ದಲ್ಲಿ ಹದ್ದು ಬರುತ್ತದೆ. ನನಗೊಮ್ಮೆ ಏರುತ್ತಿರುವಾಗಲೇ ಒಂದು ಹದ್ದು ಬಡಿಯಿತು. ಕಂಡದ್ದು ಒಂದು ಕಪ್ಪು ಚುಕ್ಕೆ, ಮರುಕ್ಷಣ ಧಡ್ ಅಂತ ಬಂಡೆ ಎಸೆದಂಥ ಸದ್ದು, ಎದುರಿನ ಗಾಜಿನ ತುಂಬ ರಕ್ತ, ರೆಕ್ಕೆಪುಕ್ಕ. ಪುಣ್ಯಕ್ಕೆ ಎಂಜಿನ್ ಒಳಗೆ ಹೋಗಲಿಲ್ಲ. ಪಕ್ಕದಲ್ಲಿದ್ದ ಶಿಷ್ಯ ತಪ್ಪಿಲ್ಲದೆ ಚೆಕ್‌ಗಳನ್ನು ಓದಿದ, ಗಾಜಿನ ಮೂಲೆಯ ಅಂಗೈ ಅಗಲದ ಜಾಗದಿಂದ ನೋಡಿಕೊಂಡು ಇಳಿದೆವು. ಇಳಿದ ಮೇಲೆ ನನ್ನ ಮೊಣಕಾಲು ನಡುಗಲು ಶುರುವಾಯಿತು, ಅವನದ್ದಲ್ಲ.

ಮಗಳಿಗೆ ಸದ್ಯಕ್ಕೆ ಒಂದು ಕೆಲಸ ಕೊಡಿ. ರಜೆಯ ಬೆಳಗ್ಗೆ ಮಾಳಿಗೆ ಮೇಲೆ ಒಂದು ಗಡಿಯಾರ, ಒಂದು ನೋಟ್‌ಬುಕ್ ಹಿಡಿದು ಕೂರಲಿ. ಮೊಬೈಲ್ ಕೆಳಗೇ ಇರಲಿ, ಸೇನಾ ನೆಲೆಯ ಫೋಟೋ ತೆಗೆಯುವ ಹಾಗಿಲ್ಲ. ಒಂದೊಂದು ವಿಮಾನ ಒಂದು ಸುತ್ತಿಗೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಅಂತ ಬರೆಯಲಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಆಗ ಯಾವ ಕಡೆಯಿಂದ ಇಳಿಯುತ್ತಾರೆ ಅಂತ ಬರೆಯಲಿ. ಒಂದು ತಿಂಗಳು ಕಳೆದರೆ ಒಂದು ವಿಷಯ ಕಾಣುತ್ತದೆ. ಕೆಲವು ವಿಮಾನಗಳ ಸುತ್ತು ಪ್ರತಿ ಸಲವೂ ಒಂದೇ ಅಳತೆ, ಗೆರೆ ಎಳೆದಂತೆ. ಕೆಲವು ಒಮ್ಮೆ ಅಗಲ, ಒಮ್ಮೆ ಕಿರಿದು, ತಿರುವು ತಡವಾಗಿ ಬರುತ್ತದೆ. ತಡವಾಗುವವರು ಹೊಸಬರು. ಅವರಲ್ಲಿ ಒಬ್ಬರ ತಿರುವು ಯಾವ ವಾರದಿಂದ ಸರಿಯಾಗತೊಡಗಿತು ಅಂತ ಅವಳು ಹಿಡಿದರೆ ನನಗೆ ಬರೆದು ತಿಳಿಸಲಿ.